ಹುಲ್ಲೇನಹಳ್ಳಿ ಎಂಬ ಹೆಸರಿನಡಿ

ಆ ಪತ್ರವನ್ನು ಬರೆದವರು ಡಾಕ್ಟರ್ ಶ್ರೀಕಂಠಯ್ಯನವರಲ್ಲ, ನಾನು.

ಯಾವ ಪತ್ರ ಎಂದು ಹೊಸಬರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಸಂಘದ ಇದೇ ಸ್ಮರಣ ಸಂಚಿಕೆಯಲ್ಲಿ ಒಂದು ಪುಟ ಅಚ್ಚಾಗಿತ್ತು. ಹ್ಯೂಸ್ಟನ್ನಿನ ಹಿರಿಯ ವೈದ್ಯರೊಬ್ಬರು ಅರವತ್ತರ ದಶಕದಲ್ಲಿ, ತಮ್ಮ ಹೆಂಡತಿಯ ವೀಸಾಕ್ಕಾಗಿ, ಅಮೆರಿಕದ ಅಧ್ಯಕ್ಷರಿಗೇ ಬರೆದ ಪತ್ರ ಎಂದು. ಡಾಲಸ್ ಪಕ್ಕದ ಫ್ರಿಸ್ಕೋದ ಹಾಲ್‌ನಲ್ಲಿ ಯುಗಾದಿ ಕಾರ್ಯಕ್ರಮದ ದಿನ ಅದನ್ನು ವೇದಿಕೆಯ ಮೇಲೆ ಓದಿದರು. ಮುಂದಿನ ಸಾಲಿನ ಆಂಟಿಯರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹಿಂದೆ ಬಿಸಿಬೇಳೆಭಾತಿನ ಪಾತ್ರೆಯ ಪಕ್ಕ ಬೆವರುತ್ತ ನಿಂತಿದ್ದೆ. ಯಾಕ್ರೀ ಹೀಗೆ ಬೆವರ್ತಿದೀರಿ ಅಂದವರಿಗೆ ಭಾತಿನ ಹಬೆ ಎಂದೆ. ಅದೂ ಸುಳ್ಳೇ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಊರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿದವನು. ಹೆಂಡತಿ ಸುಧಾಳ ಕೆಲಸದ ಬೆನ್ನು ಹಿಡಿದು ಆಸ್ಟಿನ್‌ಗೆ ಬಂದೆ. ಅವಳು ದ ಡೊಮೇನ್ ಎಂಬ ಬಡಾವಣೆಯ ಗಾಜಿನ ಆಫೀಸಿನಿಂದ ಸಂಬಳ ತರುತ್ತಾಳೆ, ನಾನು ಹಳೆಯ ಕಾಗದದ ಧೂಳು ತರುತ್ತೇನೆ. ಇಲ್ಲಿನ ಸಂಗ್ರಹಾಲಯದಲ್ಲಿ, ಅದೇ ಅರವತ್ತರ ದಶಕದ ಅಧ್ಯಕ್ಷರ ಆಡಳಿತದ ಕಡತಗಳನ್ನು, ಅವರಿಗೆ ಬಂದ ಪತ್ರಗಳನ್ನು ಜೋಡಿಸಿ, ಪೆಟ್ಟಿಗೆಗೆ ಹಾಕಿ, ಸೂಚಿ ಬರೆಯುವ ಗುತ್ತಿಗೆ ಕೆಲಸ ನನ್ನದು. ಸ್ವಭಾವತಃ ಹೆದರುಪುಕ್ಕಲ. ಗ್ಯಾರೇಜ್ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವನು. ಇಂಥವನು ಇಂಥ ಕೆಲಸ ಹೇಗೆ ಮಾಡಿದ ಎಂದು ನನಗೂ — ಇರಲಿ.

ಡಾಕ್ಟರ್ ಅಂಕಲ್ ಮಾತು ಕಡಿಮೆ. ಅಧ್ಯಕ್ಷರಿಗೆ ಪತ್ರ ಬರೆದ ಕತೆ ನಮಗೆಲ್ಲ ಗೊತ್ತಿತ್ತು. ಹೊಸದಾಗಿ ಬಂದ ಡಾಕ್ಟರು, ಹೆಂಡತಿ ಮೈಸೂರಿನಲ್ಲಿ, ಕಾಗದಪತ್ರ ಮುಂದಕ್ಕೆ ಹೋಗುತ್ತಿಲ್ಲ, ಕೊನೆಗೆ ಅಧ್ಯಕ್ಷರಿಗೇ ಬರೆದದ್ದು. ಆದರೆ ಏನು ಬರೆದಿರಿ ಅಂಕಲ್ ಎಂದು ಕೇಳಿದರೆ ಉತ್ತರ ಯಾವಾಗಲೂ ಅಷ್ಟೇ: "ಬರೆದೆ. ಬಂದಳು." ಅಷ್ಟು ಹೇಳಿ ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದರು. ಅವರ ಹೆಂಡತಿ ಪದ್ಮಾ ಆಂಟಿ ಎಲ್ಲರ ಮುಂದೆಯೇ ಛೇಡಿಸುತ್ತಿದ್ದರು: "ನೋಡ್ರಪ್ಪಾ, ನಮ್ಮನೆ ಕಲ್ಲುಗುಂಡು. ಅಧ್ಯಕ್ಷರ ಹತ್ರ ಮಾತಾಡಿದಾರಂತೆ, ನನ್ನ ಹತ್ರ ಮಾತ್ರ ಬಾಯಿ ಬಿಡಲ್ಲ."

ಅಂಕಲ್ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಹ್ಯೂಸ್ಟನ್ನಿನ ಆ ಮನೆಯಲ್ಲಿ, ಎಲೆ ಎತ್ತಿದ ಮೇಲೆ, ಆಂಟಿ ನನ್ನನ್ನು ಪಕ್ಕಕ್ಕೆ ಕರೆದರು.

"ಗುರು, ನೀನು ಆ ಕಾಗದಗಳ ಜಾಗದಲ್ಲೇ ತಾನೆ ಇರೋದು? ಇವರದ್ದು ಸಿಗುತ್ತೇನಪ್ಪಾ? ಏನು ಬರೆದಿದ್ರು ಅಂತ ಒಂದ್ಸಲ ನೋಡ್ಬೇಕು."

ಅಲ್ಲಿಯೇ, ಗೊತ್ತಿಲ್ಲ ಆಂಟಿ, ಎನ್ನಬೇಕಿತ್ತು. ಜನಸಾಮಾನ್ಯರ ಪತ್ರಗಳು ಮೂಟೆಗಟ್ಟಲೆ ಬರುತ್ತಿದ್ದವು, ಎಲ್ಲವೂ ಉಳಿದಿಲ್ಲ, ಉಳಿದದ್ದೂ ಎಲ್ಲಿದೆಯೋ — ಇದು ನನ್ನ ದಿನನಿತ್ಯದ ಮಾತು, ಬಂದ ಸಂಶೋಧಕರಿಗೆಲ್ಲ ಹೇಳುವಂಥದ್ದು. ಆದರೆ ಪಾಟ್‌ಲಕ್ ಊಟಗಳಲ್ಲಿ ನಾನು ಜಂಬ ಕೊಚ್ಚಿಕೊಂಡಿದ್ದೆನಲ್ಲ, ನಮ್ಮಲ್ಲಿ ಒಂದು ಚೀಟಿಯೂ ಕಳೆಯಲ್ಲ ಎಂದು. ಡಾಕ್ಟರು, ಎಂಜಿನಿಯರುಗಳ ನಡುವೆ ನನಗೂ ಒಂದು ಮಾತು ಬೇಕಿತ್ತು. "ಸಿಗುತ್ತೆ ಆಂಟಿ, ಯೋಚನೆ ಮಾಡಬೇಡಿ" ಎಂದುಬಿಟ್ಟೆ.

ಹುಡುಕಿದೆ. ಹುಡುಕಿದೆ ಎಂದರೆ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಸರುಗಳ ಸೂಚಿಯಲ್ಲಿ ಶ್ರೀಕಂಠಯ್ಯ ಎಂದು ನೋಡಿದೆ. ಇರಲಿಲ್ಲ. ಅಲ್ಲಿಗೆ ಬಿಟ್ಟೆ.

ಪ್ರತಿ ಭಾನುವಾರ ಆಂಟಿಯ ಫೋನು. "ಸಿಕ್ತೇನಪ್ಪಾ?" ನಾನು ಸಬೂಬು ಹೇಳುತ್ತ ಹೋದೆ. ಪೆಟ್ಟಿಗೆ ಬೇರೆ ಕಡೆ ಹೋಗಿದೆ, ಅನುಮತಿ ಬೇಕು, ಮೇಲಿನವರು ರಜೆಯಲ್ಲಿದ್ದಾರೆ. ಆಂಟಿ ಎಲ್ಲಕ್ಕೂ "ಆಗ್ಲಪ್ಪಾ, ನಿಧಾನಕ್ಕೆ" ಎನ್ನುವರು. ಬೈದಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ — ಇಲ್ಲ, ಇದು ನೆಪ. ಅವರ ಒಳ್ಳೆಯತನದ ಮೇಲೆ ತಪ್ಪು ಹೊರಿಸುವಷ್ಟು ದೂರ ಹೋಗಬಾರದು.

ಒಂದು ಭಾನುವಾರ ಬೆಳಗ್ಗೆ, ಫೋನ್ ಬರುವ ಮುಂಚೆ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಟೈಪ್‌ರೈಟರಿನಂತೆ ಕಾಣುವ ಅಕ್ಷರ ಆರಿಸಿ, ಕೂತೆ. ಎಂಥ ಪತ್ರಗಳು ಬರುತ್ತಿದ್ದವು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಬೋಧನೆ ಹೇಗೆ, ದಿನಾಂಕ ಎಲ್ಲಿ, ಮಡಿಕೆಯ ಗೆರೆ ಎಲ್ಲಿ ಬೀಳುತ್ತದೆ — ಕಸುಬು ಕಲಿಸಿದ್ದನ್ನೆಲ್ಲ ಕಸುಬಿನ ವಿರುದ್ಧವೇ ಬಳಸಿದೆ. ಈ ಮಹಾನ್ ದೇಶದ ತಳಹದಿ ಕುಟುಂಬವಲ್ಲವೇ ಎಂದು ಬರೆದೆ. ನನ್ನ ಕೈಗಳು ದಿನವಿಡೀ ಬೇರೆಯವರ ಹೃದಯದ ಬಡಿತ ಎಣಿಸುತ್ತವೆ, ನನ್ನ ಹೃದಯವಾದರೋ ಮೈಸೂರಿನಲ್ಲಿ ಬಡಿದುಕೊಳ್ಳುತ್ತಿದೆ ಎಂದು ಬರೆದೆ. ಬರೆದು ನನಗೇ ಕಣ್ಣು ಒದ್ದೆಯಾಯಿತು. ಸ್ವಂತ ಹೆಂಡತಿಗೆ ಹುಟ್ಟುಹಬ್ಬದ ಕಾರ್ಡಿನಲ್ಲಿ "ವಿಶಸ್" ಎಂದಷ್ಟೇ ಬರೆಯುವ ಮನುಷ್ಯ ನಾನು. ಪ್ರತಿಯ ಮೇಲೆ ಪ್ರತಿ ತೆಗೆದು ಅಕ್ಷರ ಮಸುಕು ಮಾಡಿ ಕಳಿಸಿದೆ.

ಆ ವಾರ ಆಂಟಿ ಫೋನ್ ಮಾಡಿದಾಗ ಮೊದಲು ಆ ಹೃದಯದ ಸಾಲನ್ನೇ ಓದಿ ಹೇಳಿದರು. ಆಮೇಲೆ — "ಇವ್ರು ಹೀಗೆಲ್ಲಾ ಮಾತಾಡ್ತಿದ್ರಾ, ಗುರು? ನನ್ನ ಬಗ್ಗೆ?"

ನಾನು ಹೂಂ ಎಂದೆ.

"ಇಷ್ಟೊಂದು ಒಳಗಿಟ್ಕೊಂಡಿದ್ದವರನ್ನ ನಾನು ಜೀವಮಾನವೆಲ್ಲಾ ಕಲ್ಲು ಅಂದೆನಲ್ಲೋ. ಎಲ್ಲರ ಮುಂದೆ ಅಂದೆನಲ್ಲೋ."

ಇದನ್ನು ನಾನು ಯೋಚಿಸಿರಲಿಲ್ಲ. ಸಂತೋಷ ಕೊಡುತ್ತಿದ್ದೇನೆ ಎಂದುಕೊಂಡವನು ಆ ಹೆಂಗಸಿನ ಕೈಗೆ ಒಂದು ಪಶ್ಚಾತ್ತಾಪ ಕೊಟ್ಟಿದ್ದೆ. ಇಲ್ಲದ ಮಾತುಗಳನ್ನು ಕೇಳಿಸಿಕೊಳ್ಳಲಿಲ್ಲವೆಂದು ಅವರು ಅಳುತ್ತಿದ್ದರು. ಆಗಲಾದರೂ ಹೇಳಬಹುದಿತ್ತು. ಸುಧಾಳಿಗೂ ಹೇಳಲಿಲ್ಲ.

ಮುಂದಿನದು ನಿಮಗೆ ಗೊತ್ತು. ಆಂಟಿ ಡಾಲಸ್ ಆಚೆಯ ಪ್ರಾಸ್ಪರ್‌ಗೆ, ಮಗಳು ವಿನುತಾಳ ಮನೆಗೆ ಶಿಫ್ಟ್ ಆದರು. ವಿನುತಾ ಪತ್ರಕ್ಕೆ ಚೌಕಟ್ಟು ಹಾಕಿಸಿ ದೇವರಮನೆಯ ಪಕ್ಕದ ಗೋಡೆಗೆ ತೂಗುಹಾಕಿದಳು. ಸಂಪಾದಕರು ಕೇಳಿದರು, ಸಂಚಿಕೆಯಲ್ಲಿ ಬಂತು, ವೇದಿಕೆಯಲ್ಲಿ ಓದಿದರು. ಪತ್ತೆ ಮಾಡಿಕೊಟ್ಟವನೆಂದು ನನಗೆ ಶಾಲು ಹೊದಿಸಿದರು. ಶಾಲು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಕಳೆದ ವರ್ಷ ಬೇರೆ ಯಾವುದೋ ಕೆಲಸಕ್ಕೆ ಹಳೆಯ ಪೆಟ್ಟಿಗೆಯೊಂದನ್ನು ತೆರೆದು ಸೂಚಿ ಸರಿಮಾಡುತ್ತಿದ್ದೆ. ಒಂದು ಕಡತದ ಮೇಲೆ ಹುಲ್ಲೇನಹಳ್ಳಿ ಎಂದಿತ್ತು.

ಎಚ್. ಎನ್. ಶ್ರೀಕಂಠಯ್ಯ. ಎಚ್ ಎಂದರೆ ಹುಲ್ಲೇನಹಳ್ಳಿ, ಊರು. ಈ ದೇಶಕ್ಕೆ ಹೊಸದಾಗಿ ಬಂದಾಗ ಕೊನೆಯ ಹೆಸರೇನು ಎಂದು ಕೇಳಿದವರಿಗೆ ನಾವೆಲ್ಲ ಊರಿನ ಹೆಸರನ್ನೇ ಕೊಟ್ಟಿಲ್ಲವೇ? ನನ್ನ ಪಾಸ್‌ಪೋರ್ಟಿನಲ್ಲೇ ನಮ್ಮೂರು ನಮ್ಮಪ್ಪನ ಜಾಗದಲ್ಲಿ ಕೂತಿದೆ. ಆಸ್ಪತ್ರೆಯಲ್ಲಿ ನರ್ಸ್ ಊರಿನ ಹೆಸರು ಹಿಡಿದು ಕೂಗಿದರೆ ನಾನು ಎದ್ದು ಹೋಗುತ್ತೇನೆ. ಅಂಕಲ್ ಕೂಡ ಮೊದಲ ವರ್ಷಗಳಲ್ಲಿ ಹಾಗೇ ಸಹಿ ಮಾಡಿದ್ದರು, ಆಮೇಲೆ ಬದಲಾಯಿಸಿಕೊಂಡಿದ್ದರು. ಆ ಕಟ್ಟಡದಲ್ಲಿ ಇದು ಹೊಳೆಯಬೇಕಾದವನು ನಾನೊಬ್ಬನೇ. ಇನ್ನೊಂದು ಮಧ್ಯಾಹ್ನ ಕೂತಿದ್ದರೆ ಸಿಗುತ್ತಿತ್ತು. ಇನ್ನೊಂದೇ ಒಂದು —

ಅರ್ಧ ಪುಟ, ಕೈಬರಹ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ಮಾನ್ಯರೇ, ನನ್ನ ಪತ್ನಿಯ ವೀಸಾ ತಡವಾಗಿದೆ. ತಮಗೆ ಬೇರೆ ಕೆಲಸಗಳಿವೆ ಎಂದು ಬಲ್ಲೆ, ಆದ್ದರಿಂದ ಬೇಗ ಮಾಡಿಸಿ ಎಂದು ಕೇಳುತ್ತಿಲ್ಲ. ಅವಳು ಬರುವಾಗ ಒಬ್ಬಳೇ ಬರುತ್ತಾಳೆ. ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಚಲಿಸುವ ಮೆಟ್ಟಿಲುಗಳಿವೆ. ಅವಳು ಅಂಥದನ್ನು ನೋಡಿಲ್ಲ. ನಾನೇ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಅವಳು ಯಾರನ್ನೂ ಕೇಳುವವಳಲ್ಲ. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಕೈಕಂಬಿ ಹಿಡಿದುಕೋ ಎಂದು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ."

ಅಷ್ಟೇ. ಹೃದಯವಿಲ್ಲ, ಬಡಿತವಿಲ್ಲ, ಮಹಾನ್ ದೇಶವಿಲ್ಲ. ಮೂಲೆಯಲ್ಲಿ, ಮುಂದಿನ ಕ್ರಮಕ್ಕಾಗಿ ಬೇರೆ ಇಲಾಖೆಗೆ ಕಳಿಸಿದೆ, ಎಂಬ ಗುರುತು.

ಪ್ರತಿ ತೆಗೆದುಕೊಂಡೆ. ಕಾರಿನ ಗ್ಲವ್ ಬಾಕ್ಸಿನಲ್ಲಿಟ್ಟೆ. ತಿಂಗಳುಗಟ್ಟಲೆ ಅಲ್ಲೇ ಇತ್ತು. ಬಿಸಿಲಿಗೆ ಶಾಯಿ ಹಾರಿಹೋದೀತು ಎಂದು ಹೆದರಿ ಮನೆಯೊಳಗೆ ತಂದೆ. ಮನೆಯಲ್ಲಿ ಸುಧಾ ನೋಡಿಯಾಳು ಎಂದು ಮತ್ತೆ ಕಾರಿಗೆ ಒಯ್ದೆ. ಈ ಓಡಾಟದಲ್ಲೇ ಅವಳಿಗೆ ಸಿಕ್ಕಿತು. ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ.

"ಗ್ಯಾರೇಜ್ ಬಾಗಿಲು ನೋಡೋಕೆ ಮೂರು ಸಲ ವಾಪಸ್ ಬರ್ತೀಯ. ಇದಕ್ಕೆ ಒಂದು ಸಲಾನೂ ಆಂಟಿ ಹತ್ರ ಹೋಗ್ಬೇಕು ಅನ್ನಿಸಲಿಲ್ವಾ ನಿಂಗೆ?"

ಮಾರನೆಯ ಶನಿವಾರ ಡ್ರೈವ್ ಮಾಡಿದೆ. ಆಸ್ಟಿನ್‌ನಿಂದ ಡಾಲಸ್, ಡಾಲಸ್ ದಾಟಿ ಫ್ರಿಸ್ಕೋ, ಅದನ್ನೂ ದಾಟಿ ಪ್ರಾಸ್ಪರ್. ಒಂದೇ ಥರದ ಹೊಸ ಮನೆಗಳು, ಇನ್ನೂ ಕೋಲಿಗೆ ಕಟ್ಟಿ ನಿಲ್ಲಿಸಿರುವ ಎಳೆಯ ಮರಗಳು. ವಿನುತಾ ಕಾಫಿ ಕೊಟ್ಟಳು. ಆಂಟಿ ಸೋಫಾದ ತುದಿಯಲ್ಲಿ ಕೂತಿದ್ದರು, ಹಿಂದೆ ಗೋಡೆಯ ಮೇಲೆ ಚೌಕಟ್ಟು.

"ಆಂಟಿ, ಆ ಪತ್ರ ಅಂಕಲ್ ಬರೆದದ್ದಲ್ಲ. ನಾನು ಬರೆದದ್ದು."

"ವಾಟ್ ಡು ಯೂ ಮೀನ್, ಯೂ ರೋಟ್ ಇಟ್?" ಎಂದಳು ವಿನುತಾ. ಅವಳಿಗೆ ವಿವರಿಸತೊಡಗಿದೆ, ಅವಳು ಎದ್ದು ಒಳಗೆ ಹೋದಳು. ನನ್ನ ಖಾಲಿ ಲೋಟ ತೆಗೆದುಕೊಳ್ಳಲೂ ಬರಲಿಲ್ಲ. ಇವತ್ತಿನವರೆಗೂ ನನ್ನೊಂದಿಗೆ ಮಾತಿಲ್ಲ. ಸರಿಯೇ.

ಆಂಟಿ ಮಾತ್ರ ಚೌಕಟ್ಟನ್ನು ಇಳಿಸಿಕೊಡು ಎಂದರು. ಮಡಿಲಲ್ಲಿಟ್ಟುಕೊಂಡು ಗಾಜಿನ ಮೇಲೆ ಬೆರಳಿಟ್ಟರು. ಒಂದೊಂದು ಸಾಲಿನ ಮೇಲೂ.

"ಇದು?"

"ನಂದು ಆಂಟಿ."

"ಇದು?"

"ಅದೂ ನಂದೇ."

ಬೆರಳು ಹೃದಯದ ಬಡಿತದ ಸಾಲಿಗೆ ಬಂತು. ಅಲ್ಲಿ ನಿಂತಿತು. ಆ ಸಾಲು ಅವರಿಗೆ ಬಾಯಿಪಾಠವಾಗಿತ್ತು, ನನಗೆ ಗೊತ್ತು. ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದರು. ಈ ಸಲ ಅವರು ಕೇಳಲೇ ಇಲ್ಲ. ಬೆರಳನ್ನು ತೆಗೆದುಕೊಂಡರು.

"ಇಷ್ಟು ವರ್ಷ ಇದರ ಮುಂದೆ ನಿಂತು ಕ್ಷಮಿಸಿ ಅಂತಿದ್ದೆ ಕಣೋ ಇವರಿಗೆ."

ಅವರು ಬರೆದದ್ದು ಸಿಕ್ಕಿದೆ ಆಂಟಿ ಎಂದೆ. ನಿಜವಾದ ಪತ್ರವನ್ನು ತೆಗೆದು ಓದಿದೆ, ಕನ್ನಡಕ್ಕೆ ತಿರುಗಿಸುತ್ತ. ಮೆಟ್ಟಿಲಿನ ಮಾತು ಬಂದಾಗ ಆಂಟಿ ಕೈ ಎತ್ತಿದರು. ಇನ್ನೊಂದ್ಸಲ ಎಂದರು. ಓದಿದೆ. ಸೀರೆ ಎತ್ತಿ ಹಿಡಿಯುವ ಮಾತಿಗೆ ಅವರ ಕೈ ತಾನಾಗಿ ನೆರಿಗೆಯ ಕಡೆ ಹೋಯಿತು.

"ಒಬ್ಬಳು ಬಂದಿದ್ಲು. ನ್ಯೂಯಾರ್ಕಲ್ಲಿ. ಯೂನಿಫಾರ್ಮು ಹಾಕ್ಕೊಂಡಿದ್ಲು. ಅದರ ಮುಂದೆ ನಿಂತುಬಿಟ್ಟಿದ್ದೆ ನಾನು, ಕಾಲೇ ಬರ್ಲಿಲ್ಲ. ಅವಳು ಬಂದು, ಹೀಗೆ, ಸೀರೆ ಎತ್ತಿ ಹಿಡ್ಕೋ ಅಂತ ಕೈಯಲ್ಲಿ ತೋರಿಸಿ, ನನ್ನ ಕೈ ಹಿಡ್ಕೊಂಡು ಇಳಿಸಿದ್ಲು. ಯಾರಿಗೂ ಹೇಳಿರಲಿಲ್ಲ ಇದನ್ನ. ಹೇಳೋಕೇನಿದೆ ಅಂತ." ಅವರು ನನ್ನ ಕಡೆ ತಿರುಗಿದರು. "ಇವ್ರು ಬರೆದದ್ದಕ್ಕೇನೋ ಅವಳು ಬಂದಿದ್ದು?"

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು. ಆ ಮುಖ ನೋಡಿದ್ದರೆ ನೀವೂ — ಇಲ್ಲ, ನಿಮ್ಮ ಬಗ್ಗೆ ನಾನು ಹೇಳಬಾರದು. ಆ ಮೂಲೆಯ ಗುರುತು, ಇಲಾಖೆ, ವಿಮಾನ ನಿಲ್ದಾಣ. ಗೆರೆ ಎಳೆದು ಜೋಡಿಸಿದರೆ ಚಂದದ ಕತೆಯಾಗುತ್ತಿತ್ತು. ಬಾಯಿ ಅರ್ಧ ತೆರೆದೂ ಇದ್ದೆ.

"ಗೊತ್ತಿಲ್ಲ ಆಂಟಿ. ನಿಮ್ಮನ್ನ ನೋಡಿ ತಾನಾಗೇ ಬಂದಿದ್ದಿರಬಹುದು. ಇಲಾಖೆಗೆ ಕಳಿಸಿದ್ದು ಗೊತ್ತು, ಆಮೇಲಿನದ್ದು ಗೊತ್ತಿಲ್ಲ."

ಆಂಟಿ ನನ್ನನ್ನು ನೋಡಿದರು. ಅದು ಕ್ಷಮೆಯ ನೋಟವಲ್ಲ; ಹಾಗೆಂದು ಬರೆದು ನಾನು ಇನ್ನೊಂದು ಸುಳ್ಳು ಸೇರಿಸುವುದಿಲ್ಲ. ಚೌಕಟ್ಟನ್ನು ನನ್ನ ಕೈಗೆ ಕೊಟ್ಟು, ಅರ್ಧ ಪುಟದ ಪ್ರತಿಯನ್ನು ಇಸಿದುಕೊಂಡರು.

"ಹುಡುಕು. ಸಿಗದಿದ್ರೆ ಸಿಗಲಿಲ್ಲ ಅಂತ ಹೇಳು. ಅಷ್ಟು ಸಾಕಿತ್ತು ಕಣೋ ಆವತ್ತೂ."

ಈ ಬರಹವನ್ನು ಅದೇ ಸಂಚಿಕೆಯಲ್ಲಿ ಹಾಕಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ; ಶಾಲನ್ನು ಜೊತೆಗೆ ಕಳಿಸಿದ್ದೇನೆ. ಆ ಪತ್ರ ಇಲಾಖೆಗೆ ಹೋದ ಮೇಲೆ ಏನಾಯಿತು ಎಂದು ಹುಡುಕುತ್ತಿದ್ದೇನೆ. ಈಗ ಭಾನುವಾರ ಆಂಟಿ ಫೋನ್ ಮಾಡುವುದಿಲ್ಲ, ನಾನೇ ಮಾಡುತ್ತೇನೆ. ಅವರು ಎತ್ತುತ್ತಾರೆ, ಏನೂ ಕೇಳುವುದಿಲ್ಲ, ಕಾಯುತ್ತಾರೆ.

"ಈ ವಾರವೂ ಸಿಗಲಿಲ್ಲ ಆಂಟಿ" ಎನ್ನುತ್ತೇನೆ.