ಉದ್ಘಾಟನೆಗೆ ಬೇಕಾಗಿದ್ದ ತಗಡು

ಪುಣೆಯಲ್ಲಿ ಅರ್ಧ ಆಯುಷ್ಯ ಕಳೆದ ಮೇಲೆ, ನಾನು ಹೊರಗಿನವಳು ಎಂಬುದೇ ಒಂದು ಅರ್ಹತೆಯಾಯಿತು. ಧನಕವಡಿಯ ನಮ್ಮ ಓಣಿಗೂ ಪಕ್ಕದ ಮುಸಲ್ಮಾನರ ಓಣಿಗೂ ಕಲ್ಲು ತೂರಾಟವಾಗಿ, ಕೆಲವು ಅಂಗಡಿ ಸುಟ್ಟು, ನಡುವಿನ ಕಿರುದಾರಿಗೆ ಆಳೆತ್ತರದ ತಗಡು ನಿಲ್ಲಿಸಿ ನಟ್ಟು ಬಿಗಿದು ಮುಚ್ಚಿದ್ದರು. ಆಮೇಲೆ ಹಿರಿಯರು ಸೇರಿ ಶಾಂತಿ ಸಮಿತಿ ಮಾಡಿದರು. "ನೀವು ಕನ್ನಡದವರು, ಯಾರ ಕಡೆಯವರೂ ಅಲ್ಲ" ಎಂದು ಕಾರ್ಯದರ್ಶಿ ಮರಾಠಿಯಲ್ಲಿ ಹೇಳಿ ನನ್ನನ್ನೂ ಅದಕ್ಕೆ ಸೇರಿಸಿಕೊಂಡರು. ಆಚೆ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹುಡುಗಿಯ ಮನೆಯವರೂ ವಿಜಯಪುರದ ಕಡೆಯವರೇ. ನನಗಿಂತ ಚೆಂದ ಕನ್ನಡ ಮಾತಾಡುತ್ತಾಳೆ. ಸಮಿತಿಯ ಕಣ್ಣಿಗೆ ಮಾತ್ರ ಅವಳು ಕನ್ನಡದವಳಾಗಿ ಕಾಣಲಿಲ್ಲ.

ಅಪ್ಪನಿಗೆ ಕೈಲಾಗದಾದ ಮೇಲೆ ಗಿರಣಿ ಅವಳ ಹೆಗಲಿಗೆ ಬಿದ್ದಿತ್ತು. ಗಿರಾಕಿಗಳೆಲ್ಲ ಹೆಚ್ಚುಕಡಿಮೆ ನಮ್ಮ ಕಡೆಯ ಹೆಂಗಸರೇ. ತಗಡು ಬಂದ ಮೇಲೆ ಡಬ್ಬಿ ಹೊತ್ತು ದೊಡ್ಡ ರಸ್ತೆಯ ಮೇಲಿಂದ ಸುತ್ತಿ ಹೋಗಬೇಕು. ಅರ್ಧ ಜನಕ್ಕೆ ಸುತ್ತುವ ಬೇಸರ, ಅರ್ಧ ಜನಕ್ಕೆ ಹೆದರಿಕೆ. ನಾನು ಹಟಕ್ಕೆ ಬಿದ್ದು ನನ್ನ ಜೋಳ ಹೊತ್ತುಕೊಂಡೇ ಹೋಗುತ್ತಿದ್ದೆ. ಅವಳು ಖಾಲಿ ಬೆಂಚಿನ ಕಡೆ ಕೈ ತೋರಿಸಿ, "ಹಿಂಗ ನಡದ್ರ ದೀಪಾವಳಿಯೊಳಗ ಬಾಗಲಾ ಹಾಕೋದಾ ನೋಡ್ರಿ ಅಕ್ಕಾರ" ಎಂದಳು.

ಸಮಿತಿಗೆ ಇಂಥ ಸಣ್ಣ ಮಾತು ಕಿವಿಗೆ ಬೀಳುವುದಿಲ್ಲ. ಅದಕ್ಕೆ ದೊಡ್ಡ ಮಾತು ಬೇಕು. ಯುವಕರಿಗೆ ಬಲ ತುಂಬಬೇಕು, ಅವರ ಕೈಯಿಂದಲೇ ಬಡಾವಣೆ ಮತ್ತೆ ಕಟ್ಟಿಸಬೇಕು ಎಂದು ಠರಾವಾಯಿತು. ಸೈಕಲ್ ಟೈರಿಗೆ ಗಾಳಿ ತುಂಬುವವರ ಹಾಗೆ ಮಾತಾಡುತ್ತಿದ್ದರು! ಊರಿನ ಇನ್ನೊಂದು ತುದಿಗಿರುವ ಖರಾಡಿಯ ಯಾವುದೋ ಆಫೀಸಿನ ತಣ್ಣನೆಯ ಹಾಲ್‌ನಲ್ಲಿ ಶಿಬಿರ. ಒಂದಾಗುವುದನ್ನು ಕಲಿಯಲು ಹೊರಟ ಮಕ್ಕಳನ್ನು, ದಾರಿಯಲ್ಲಿ ಜಗಳವಾದೀತೆಂದು, ಎರಡು ಬೇರೆ ಬೇರೆ ಬಸ್ಸುಗಳಲ್ಲಿ ಕಳಿಸಿದ ಮಹಾನುಭಾವರು ಇವರು.

ಅಲ್ಲಿ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಬ್ಬರು ಕೈ ಹಿಡಿದು ನಡೆಸುವ ಆಟ ಆಡಿಸಿದರು. ಚಡ್ಡಿ ಹಾಕುವ ಮೊದಲಿಂದ ಒಂದೇ ದಾರಿಯಲ್ಲಿ ಆಡಿ ಬೆಳೆದವರಿಗೆ ಪರಸ್ಪರ ನಂಬಿಕೆಯ ಪಾಠ! ಕೊನೆಗೆ, ನಿಮ್ಮ ಬಡಾವಣೆಗೆ ಏನು ಮಾಡಬೇಕು ಅನಿಸುತ್ತದೆ ಎಂದು ಕೇಳಿದರು. ಗಿರಣಿಯ ಹುಡುಗಿ ಎದ್ದು ನಿಂತು, ತಗಡು ತೆಗೆಯಬೇಕು ಎಂದು ಮರಾಠಿಯಲ್ಲಿ ಹೇಳಿ ಕೂತಳು. ತರಬೇತಿ ಕೊಡುವಾತ ಕರುಣೆಯಿಂದ ನಕ್ಕು, ಮೊದಲು ನಮ್ಮ ಮನಸ್ಸಿನೊಳಗಿನ ತಗಡು ತೆಗೆಯೋಣ ಎಂದ. ಸಮಿತಿಯವರು ಚಪ್ಪಾಳೆ ತಟ್ಟಿದರು. ನನಗೆ ಬಾಯಲ್ಲಿದ್ದ ಸಮೋಸ ನೆತ್ತಿಗೇರಿತು.

ಮುಂದಿನ ಭಾನುವಾರ ಮಟಮಟ ಮಧ್ಯಾಹ್ನ ಎರಡೂ ಕಡೆಯ ಹುಡುಗ ಹುಡುಗಿಯರು ಪಾನಾ ಹಿಡಿದು ಬಂದು ನಟ್ಟು ಬಿಚ್ಚಿದರು. ಮನಸ್ಸಿನೊಳಗಿನದಲ್ಲ, ದಾರಿಯಲ್ಲಿದ್ದದ್ದು. ಯಾರೂ ಒಂದು ಕಲ್ಲೆಸೆಯಲಿಲ್ಲ. ತಗಡನ್ನು ಹೊತ್ತೊಯ್ದು ಗಿರಣಿಯ ಮುಂದೆ ನೆರಳಿಗೆ ಹಾಕಿದರು. ಒಂದೊಂದಾಗಿ ಡಬ್ಬಿಗಳು ಬರತೊಡಗಿದವು. ನಮ್ಮ ಕಟ್ಟಡದ ಎರಡನೆಯ ಮಹಡಿಯ ಅಜ್ಜಿ, ಗಲಾಟೆಯಲ್ಲಿ ಕಲ್ಲೊಂದು ಕಿಟಕಿ ಗಾಜು ಒಡೆದು ಬಂದು ಹಾಸಿಗೆಯ ಮೇಲೆ ಬಿದ್ದದ್ದನ್ನು ಕಂಡವಳು, ನನ್ನ ಕೈ ಹಿಡಿದುಕೊಂಡು ಗೋಧಿ ತಂದಳು. ಹುಡುಗಿ ಓಡಿ ಬಂದು ಡಬ್ಬಿ ಇಸಿದುಕೊಂಡಳು. ನನಗೆ ಅವತ್ತು ಅಳುವೇ ಬಂತು.

ಸಮಿತಿಗೆ ಮಾತ್ರ ಸಿಡಿಲು ಬಡಿದಂತಾಯಿತು. ತಗಡು ತೆಗೆಯಲು ಮುಖ್ಯ ಅತಿಥಿಯ ತಾರೀಖು ಗೊತ್ತಾಗಿತ್ತಂತೆ, ಶಾಮಿಯಾನಾದವನಿಗೂ ಹೇಳಿಯಾಗಿತ್ತಂತೆ. ಒಂದೇ ದಿನದ ಮಟ್ಟಿಗೆ ತಗಡು ವಾಪಸು ಹಾಕಿಸಿ, ಅತಿಥಿಗಳು ಬಂದು ತೆಗೆಯುತ್ತಾರೆ ಎಂದು ಕಾರ್ಯದರ್ಶಿ ನನಗೆ ಗಂಟುಬಿದ್ದರು. ಹುಡುಗಿಗೆ ನೀವು ಕನ್ನಡದಲ್ಲೇ ತಿಳಿಸಿ ಹೇಳಿ ಎಂದರು. ಬೇಕಾದಾಗ ಅವಳೂ ಕನ್ನಡದವಳಾದಳು! ಅವಳ ಉತ್ತರ ಕೇಳುವ ಆಸೆಗೇ ಹೋಗಿ ಹೇಳಿದೆ.

"ಇದರ ನೆಳ್ಳಿಗೆ ಮಂದಿ ಕುಂತಾರ್ರಿ ಅಕ್ಕಾರ," ಎಂದಳು. "ಎಬ್ಬಸ್ಲೇನ್ರಿ?"

ಹೀಗಾಗಿ ಸಮಿತಿಯವರು ಹೊಸ ತಗಡು ಕೊಂಡರು. ಉದ್ಘಾಟನೆಯ ದಿನ ಶಾಂತಿಗೋಸ್ಕರ ಬೆಳಗ್ಗೆಯೇ ದಾರಿ ಮುಚ್ಚಿ, ತಗಡಿಗೆ ಚೆಂಡು ಹೂವಿನ ಮಾಲೆ ಹಾಕಿದರು. ಅತಿಥಿ ಮಧ್ಯಾಹ್ನವಾದರೂ ಪತ್ತೆಯಿಲ್ಲ. ಅಷ್ಟರಲ್ಲಿ ಅಜ್ಜಿ ಒಬ್ಬಳೇ ಡಬ್ಬಿ ಹಿಡಿದು ಮೂಲೆ ತಿರುಗಿದಳು. ಮಾಲೆ ಅವಳ ಕಣ್ಣಿಗೆ ಬಿತ್ತೋ ಇಲ್ಲವೋ, ತಗಡಂತೂ ಕಂಡಿತು. ಮತ್ತೆ ಶುರುವಾಯಿತಲ್ಲ ಎಂದು ಮರಾಠಿಯಲ್ಲಿ ಗೊಣಗಿ ಗಿರಕ್ಕನೆ ತಿರುಗಿದಳು. ಇದು ಬರೀ ನಾಟಕ ಎಂದು ನಾನು ಹಿಂದೆಯೇ ಓಡಿ ಎಷ್ಟು ಹೇಳಿದರೂ ಕೇಳಲಿಲ್ಲ, ಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ಕೊನೆಗೂ ಅತಿಥಿ ಬಂದು, ರಿಬ್ಬನ್ ಕಟ್ಟಿದ ಪಾನಾದಿಂದ ಒಂದು ನಟ್ಟು ಸಡಿಲಿಸಿ, ಫೋಟೋಕ್ಕೆ ನಿಂತು, ಹೊರಟುಹೋದರು. ಸಮಿತಿ ಊಟಕ್ಕೆ ನಡೆಯಿತು. ಉಳಿದ ನಟ್ಟುಗಳನ್ನು ಬಿಚ್ಚಿದವರು ಮತ್ತೆ ಆ ಮಕ್ಕಳೇ. ಕಾರ್ಯದರ್ಶಿ ಆ ಫೋಟೋ ಎಲ್ಲರ ಮೊಬೈಲಿಗೂ ಕಳಿಸಿದರು. ಕೆಳಗೆ, ಯುವಶಕ್ತಿಯಿಂದ ಹೊಸ ಬಡಾವಣೆ ಎಂಬ ಸಾಲು. ಯುವಶಕ್ತಿ ಎಲ್ಲಿದೆ ಎಂದು ನಾನು ಫೋಟೋ ದೊಡ್ಡದು ಮಾಡಿ ಹುಡುಕಿದೆ. ಶಾಲು ಹೊದ್ದ ಹಿರಿಯರು ಮಾತ್ರ ಇದ್ದರು. ಫೋಟೋ ತೆಗೆಯುವಾಗ ಮಕ್ಕಳೆಲ್ಲ ದಾರಿ ಯಾವಾಗ ತೆರೆಯುತ್ತದೆ ಎಂದು ತಗಡಿನ ಆ ಕಡೆ ಕಾಯುತ್ತ ನಿಂತಿದ್ದರು.

ಈಗ ಗಿರಣಿಯ ಬೆಂಚು ಅರ್ಧ ತುಂಬುತ್ತದೆ, ಅರ್ಧ ಖಾಲಿ. ಅಜ್ಜಿ ಪೇಟೆಯಿಂದ ಹಿಟ್ಟಿನ ಪಾಕೀಟು ತರಿಸುತ್ತಾಳೆ, ಕದ ತಟ್ಟಿದರೆ ಕಿಂಡಿಯಿಂದಲೇ ಮಾತಾಡುತ್ತಾಳೆ. ನಾನು ಜೋಳ ಒಯ್ದಾಗಲೆಲ್ಲ ಹುಡುಗಿ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ ಕೇಳುತ್ತಾಳೆ:

"ಇವತ್ತಾದ್ರೂ ಅಜ್ಜಿ ಬಂದ್ರೇನ್ರಿ?"