ಅಧ್ಯಕ್ಷರ ಅಪ್ಪಣೆಯ ಮೇರೆಗೆ

ರಾಮದುರ್ಗ ತಾಲೂಕಿನ ಸಾಲಹಳ್ಳಿ ದಾಟಿದರೆ ಕರಿಮಡ್ಡಿ ಎಂಬ ಸಣ್ಣ ಊರು. ಅಲ್ಲಿಯ ಹಾಲಿನ ಸಂಘಕ್ಕೆ ಕೃಷ್ಣವ್ವ ಹದಿನಾರು ವರ್ಷದಿಂದ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಹಾಲು ಅಳೆಯುವುದು, ಅದರ ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡಿ ದರದ ಚೀಟಿ ಕೊಡುವುದು. ವರ್ಷಕ್ಕೊಮ್ಮೆ ಸದಸ್ಯರ ಸಭೆ ಕರೆದು ನಡಾವಳಿ ಬರೆಯುವುದು. ನಡಾವಳಿ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಎರಡು ವರ್ಷದ ಹಿಂದೆ ಸಭೆಯ ಮುನ್ನಾದಿನವೇ ಸೂಚಕರು, ಅನುಮೋದಕರು ಎಂದು ಹೆಸರು ತುಂಬಿಟ್ಟಿದ್ದಳು. ಮೂರನೆಯ ಠರಾವಿಗೆ, ಅಂದರೆ ನಿರ್ಣಯಕ್ಕೆ, ಅನುಮೋದಕರು ಶಂಕ್ರೆಪ್ಪ. ಸಭೆ ಮುಗಿದು, ಊಟವಾಗಿ, ಎಲ್ಲರೂ ಎದ್ದುಹೋದ ಮೇಲೆ ಗೊತ್ತಾಯಿತು: ಶಂಕ್ರೆಪ್ಪ ಅಂದು ಊರಲ್ಲೇ ಇರಲಿಲ್ಲ, ಬೈಲಹೊಂಗಲಕ್ಕೆ ಮಗಳ ಮನೆಗೆ ಹೋಗಿದ್ದ.

ಆ ಹೆಸರು ಹೊಡೆದು ಬೇರೊಬ್ಬರ ಸಹಿ ಹಾಕಿಸಿಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ. ಅದೇ ಅವಳ ಮನಸ್ಸಿಗೆ ಚುಚ್ಚಿತು.

ಹಾಗಂತ ಸದಸ್ಯರಿಗೆ ಮಾತು ಬರುವುದಿಲ್ಲವೇ? ಬೆಳಿಗ್ಗೆ ಹಾಲಿನ ಪಾಳಿಯ ಸಾಲಿನಲ್ಲಿ ನಿಂತಾಗ ಬಾಯಿಗೆ ಬಿಡುವಿರುತ್ತಿರಲಿಲ್ಲ. ಕೂಲಿ ಇಲ್ಲದ ಒಂದು ದಿನ ಪಾಳಿಗೆ ಬಂದಿದ್ದ ಕಾಡವ್ವನನ್ನು ಕೃಷ್ಣವ್ವ ಕೇಳಿಯೇಬಿಟ್ಟಳು. ಕಾಡವ್ವನಿಗೆ ಎರಡು ಎಮ್ಮೆ, ಜೊತೆಗೆ ದಿನದ ಕೂಲಿ.

“ಇಲ್ಲೆ ಇಷ್ಟ ಮಾತಾಡ್ತೀರಿ, ಸಭಾದಾಗ ಯಾಕ ಬಾಯಿ ಬಿಡೂದಿಲ್ಲ?”

“ಅಲ್ಲೆ ನಮ್ಮನ್ನ ಕೇಳೂದು ‘ಮಂಜೂರ ಏನ್ರಿ’ ಅಂತ ಒಂದ ಮಾತ್ರಿ, ಅಕ್ಕಾರ. ಹೂಂ ಅಂತೇವಿ, ಊಟಾ ಮಾಡ್ತೇವಿ, ಬರ್ತೇವಿ.”

ಈ ವರ್ಷ ಸಭೆಯ ನೋಟೀಸು ಬರೆಯುವಾಗ ಕೃಷ್ಣವ್ವನ ಕಣ್ಣು ವಿಷಯಪಟ್ಟಿಯ ಕೊನೆಯ ಸಾಲಿನ ಮೇಲೆ ನಿಂತಿತು: ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು.’ ಪ್ರತಿವರ್ಷ ಬರೆದಿದ್ದಳು, ಒಮ್ಮೆಯೂ ಆ ಸಾಲಿನವರೆಗೆ ಸಭೆ ಬಂದಿರಲಿಲ್ಲ; ಅಷ್ಟರೊಳಗೆ ಊಟದ ವಾಸನೆ ಬಂದಿರುತ್ತಿತ್ತು. ನೋಟೀಸು ಹಿಡಿದು ಅಧ್ಯಕ್ಷ ವಿರೂಪಾಕ್ಷಗೌಡರ ಮನೆಗೆ ಹೋದಳು.

“ಗೌಡ್ರ, ಈ ಸಲ ಕೊನೀ ವಿಷಯ ಮೊದ್ಲ ತಗೊಳ್ಳೂಣ್ರಿ. ಒಂದ ತಾಸು ಮಂದೀನ ತಮ್ಮ ವಿಷಯ ಹೇಳ್ಲಿ, ಬೇಕಾದವರ ಜೋಡಿ ಕುಂತು ಮಾತಾಡ್ಲಿ. ಆಮ್ಯಾಲೆ ನೀವು ಗಂಟಿ ಹೊಡೀರಿ. ವರದಿ, ಲೆಕ್ಕ, ಠರಾವು ಎಲ್ಲಾ ಕಾಯ್ದೆ ಪ್ರಕಾರನ.”

ಗೌಡರು ಕಟ್ಟುನಿಟ್ಟಿನ ಮನುಷ್ಯ. “ಸಭಾ ಹೋಗಿ ಸಂತಿ ಆಗ್ತದವಾ.”

“ಒಂದ ತಾಸು ಆಗ್ಲಿ ಬಿಡ್ರಿ. ಸಂತ್ಯಾಗ ಯಾರೂ ನಿದ್ದಿ ಮಾಡೂದಿಲ್ಲಲ್ಲ?”

ಗೌಡರಿಗೆ ನಗು ಬಂತು. ಹೋದ ವರ್ಷ ವೇದಿಕೆಯ ಮೇಲೆ ತೂಕಡಿಸಿದವರಲ್ಲಿ ಅವರೂ ಒಬ್ಬರು. “ಒಂದ ತಾಸು. ಮ್ಯಾಲೊಂದ ನಿಮಿಷ ಕೊಡೂದಿಲ್ಲ ನೋಡು,” ಎಂದರು.

ಸಭೆಯ ದಿನ ಸಾಲೆಯ ಅಂಗಳದಲ್ಲಿ ಅರವತ್ತು ಜನ ಸೇರಿದರು. ಕೃಷ್ಣವ್ವ ಕರಿಹಲಗೆಯನ್ನು ಹೊರಗೆ ತರಿಸಿ, ಸೀಮೆಸುಣ್ಣದ ಕಡ್ಡಿ ಹಿಡಿದು ನಿಂತಳು. “ಯಾರಿಗೆ ಏನ ಮಾತಾಡೂದೈತಿ, ಬಂದ ಬರೀರಿ. ಬರ್ಯಾಕ ಬರದವರು ಹೇಳ್ರಿ, ನಾ ಬರೀತೇನಿ. ಕುಂತಲ್ಲೆ ಬ್ಯಾಸರಾತಂದ್ರ ಎದ್ದ ಇನ್ನೊಂದ ಗುಂಪಿಗೆ ಹೋಗ್ರಿ, ಯಾರೂ ಸಿಟ್ಟಾಗೂದಿಲ್ಲ.”

ಒಬ್ಬರೂ ಏಳಲಿಲ್ಲ. ಐದು ನಿಮಿಷವಾಯಿತು. ಗೌಡರು ಗಡಿಯಾರ ನೋಡಿಕೊಂಡರು. ಕೃಷ್ಣವ್ವ ಕಡ್ಡಿ ಕೆಳಗಿಡಲಿಲ್ಲ. ಕೊನೆಗೆ ಹಿಂದಿನಿಂದ ಕಾಡವ್ವನ ದನಿ ಬಂತು: “ಹಾಲು ಹಾಕೂ ಟೈಮು ಅಂತ ಬರೀರಿ.”

ಒಬ್ಬರು ಬಾಯಿ ತೆರೆದದ್ದೇ ತಡ, ಉಳಿದವರೂ ಎದ್ದರು. ಶಂಕ್ರೆಪ್ಪನದು ಎಮ್ಮೆ ಡಾಕ್ಟರು ವಾರಕ್ಕೊಮ್ಮೆ ಮಾತ್ರ ಬರುವ ವಿಷಯ. ಸೋಮಪ್ಪನದು ಸಭೆಯ ಊಟದಲ್ಲಿ ರೊಟ್ಟಿ ಯಾಕಿಲ್ಲ ಎಂಬ ವಿಷಯ, ಅದನ್ನೂ ಬರೆದಳು. ಬೇವಿನ ಗಿಡದ ಕೆಳಗೆ ಒಂದು ಗುಂಪು, ಕಟ್ಟೆಯ ಮೇಲೆ ಒಂದು, ನಳದ ಹತ್ತಿರ ಇನ್ನೊಂದು ಕುಳಿತವು. ವೇದಿಕೆಯ ಎದುರಿನ ಕುರ್ಚಿಗಳೆಲ್ಲ ಖಾಲಿ. ಗೌಡರು ತುಸು ಹೊತ್ತು ಆ ಖಾಲಿ ಕುರ್ಚಿಗಳನ್ನು ನೋಡುತ್ತ ಕುಳಿತಿದ್ದು, ಆಮೇಲೆ ಇಳಿದು ಬೇವಿನ ಗಿಡದ ಕಡೆ ಬಂದರು.

“ಕುಂದರ್ರಿ ಗೌಡ್ರ,” ಎಂದು ಕಾಡವ್ವ ಜಾಗ ಬಿಟ್ಟಳು. “ನಮ್ಮ ಕೂಲಿ ಟೆಂಪೋ ಆರಕ್ಕ ಬಿಡ್ತೈತ್ರಿ. ನೀವು ಡೇರಿ ತೆರ್ಯೂದು ಆರೂವರೀಗೆ. ನಾವು ಹನ್ನೊಂದ ಮಂದಿ ಹೆಣ್ಮಕ್ಕಳು ಬ್ಯಾರೆಯವರ ಕ್ಯಾನಿಗೆ ಹಾಲು ಸುರುವಿ ಹೋಗ್ತೇವಿ, ಚೀಟಿ ಅವರ ಹೆಸರಿಗೆ ಆಗ್ತೈತಿ. ನಮ್ಮ ಎಮ್ಮಿ ಹಾಲಿನ ಫ್ಯಾಟ್ ಎಷ್ಟಂತ ನಮಗ ಗೊತ್ತಿಲ್ಲ.”

ಗೌಡರು ನೆಲದ ಮೇಲೆ ಕುಳಿತರು. “ಐದೂವರೀಗೆ ತೆರೀಬಹುದು. ಆದ್ರ ಹಾಲು ಒಯ್ಯೂ ಗಾಡಿ ಬರೂದು ಏಳೂವರೀಗೆ. ಎರಡ ತಾಸು ಹಾಲು ನಿಂತ್ರ ಕೆಡೂದಿಲ್ಲೇನು?”

ಹಾಲು ಒಕ್ಕೂಟದಿಂದ ಸಭೆಗೆ ಬಂದಿದ್ದ ವಿಸ್ತರಣಾಧಿಕಾರಿ ಅಜಿತ ಚಹಾ ಹಿಡಿದು ಹಿಂದೆಯೇ ನಿಂತಿದ್ದ. “ಗಾಡಿ ಮೊದ್ಲ ಇಲ್ಲಿಗೆ ಬಂದು ಆಮ್ಯಾಲೆ ಮುಂದಿನ ಊರಿಗೆ ಹೋದ್ರ ಆತಲ್ರಿ. ಠರಾವು ಮಾಡಿ ಕೊಡ್ರಿ, ನಾ ಮಾತಾಡ್ತೇನಿ,” ಎಂದ.

ಹೇಳಿದ ಹೊತ್ತಿಗೆ ಸರಿಯಾಗಿ ಗೌಡರು ಗಂಟೆ ಬಾರಿಸಿದರು. ಎಲ್ಲರೂ ಕುರ್ಚಿಗೆ ಮರಳಿದರು. ವರದಿ ಓದಿದ್ದಾಯಿತು, ಲೆಕ್ಕ ಮಂಜೂರಾಯಿತು. ಹಾಲಿನ ಹೊತ್ತಿನ ಠರಾವು ಬಂದಾಗ ಮುಂದಿನ ಸಾಲಿನ ನಿರ್ದೇಶಕ ಮಡಿವಾಳೆಪ್ಪ ಎದ್ದು ನಿಂತ. “ನೋಟೀಸಿನ್ಯಾಗ ಇಲ್ಲದ್ದು ಹ್ಯಾಂಗ ಠರಾವು ಮಾಡ್ತೀರಿ?”

ಕೃಷ್ಣವ್ವ ಅಳುಕದೆ ಪಟ್ಟಿಯ ಕೊನೆಯ ಸಾಲು ಓದಿದಳು. “ಐತ್ರಿ. ಹದಿನಾರು ವರ್ಷದಿಂದ ಐತಿ.”

“ಅಪ್ಪಣಿ ಕೊಟ್ಟೇನಿ,” ಎಂದರು ಗೌಡರು.

ಸೂಚಕರ ಜಾಗದಲ್ಲಿ ಕಾಡವ್ವ ಹೆಬ್ಬೆಟ್ಟು ಒತ್ತಲಿಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಸಭೆಯೆಲ್ಲ ಅಷ್ಟು ಹೊತ್ತು ಕಾಯಿತು.

ಎಲ್ಲವೂ ಕೈಗೂಡಲಿಲ್ಲ. ಎಮ್ಮೆ ಡಾಕ್ಟರು ಈಗಲೂ ವಾರಕ್ಕೊಮ್ಮೆಯೇ ಬರುತ್ತಾರೆ. ಆದರೆ ಒಂದೂವರೆ ತಿಂಗಳಲ್ಲಿ ಗಾಡಿಯ ದಾರಿ ಬದಲಾಯಿತು, ಹನ್ನೊಂದು ಹೆಂಗಸರ ಕೈಗೆ ಅವರವರದೇ ಚೀಟಿ ಬಂತು. ಕೃಷ್ಣವ್ವ ಈಗ ಒಂದು ತಾಸು ಮೊದಲೇ ಏಳಬೇಕು; ಗಂಡ ಗೊಣಗುತ್ತಾನೆ, ಆದರೂ ಚಹಾ ಅವನೇ ಮಾಡಿಕೊಡುತ್ತಾನೆ.

ಸುದ್ದಿ ಕೇಳಿ ಉಗರಗೋಳದ ಅಂಗಡಿಕಾರರು ಮೊನ್ನೆ ಅವಳನ್ನು ಕರೆಸಿಕೊಂಡಿದ್ದರು. ಅವರ ಸಂಘದ ಸಭೆಗೂ ಜನ ಬಂದು ಸುಮ್ಮನೆ ಕೂರುತ್ತಾರಂತೆ. “ಲೆಕ್ಕಪತ್ರ ಬಿಟ್ಟು ಬರೇ ಮಾತು ಇಟ್ಕೊಳ್ಳೂಣೇನ್ರಿ?” ಎಂದು ಒಬ್ಬ ಕೇಳಿದ.

“ಬಿಡಬ್ಯಾಡ್ರಿ,” ಎಂದಳು ಕೃಷ್ಣವ್ವ. “ಬರೇ ಮಾತಾದ್ರ ಗಾಳೀಗೆ ಹೋಗ್ತೈತಿ, ಬರೇ ಠರಾವಾದ್ರ ಕಪಾಟಕ್ಕ ಹೋಗ್ತೈತಿ. ಎರಡೂ ಒಂದ ದಿನಾನ ಮಾಡ್ರಿ. ಬೇಕಂದ್ರ ನಾ ಬಂದ ನಿಂದರ್ತೇನಿ.”

ಅವರ ಸಭೆಗೆ ಮುಂದಿನ ತಿಂಗಳಿನ ಒಂದು ಬುಧವಾರ ಗೊತ್ತುಮಾಡಿ, ಊರಿಗೆ ಮರಳಲು ಯರಗಟ್ಟಿಯ ಬಸ್ಸು ಹತ್ತಿದಳು.