ಸುಹೈಮಿ ಕಟ್ಟಿದ ಹಸಿರು ರಿಬ್ಬನ್

ಮಲೇಷ್ಯಾದ ಕೋತಾ ಭಾರುವಿನ ಇಸ್ಲಾಮಿಕ್ ಬ್ಯಾಂಕೊಂದರ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತ ಸುಹೈಮಿ ಯಾವುದಕ್ಕೂ ಇಲ್ಲ ಅಂದವನಲ್ಲ. ರಂಜಾನಿನಲ್ಲಿ ಬ್ಯಾಂಕಿನವರು ಗಂಜಿ ಹಂಚಿದರೆ ಸೌಟು ಇವನ ಕೈಯಲ್ಲಿ. ನೆರೆ ಇಳಿದ ಮೇಲೆ ಮಸೀದಿ ತೊಳೆಯುವ ಪೊರಕೆಯೂ ಇವನದೇ. ಯಾರು ಎಷ್ಟು ಗಂಟೆ ಸೇವೆ ಮಾಡಿದರೆಂದು ಬ್ಯಾಂಕು ಪ್ರಮಾಣಪತ್ರ ಬರೆದು ಕೊಡುತ್ತಿತ್ತು. ಊರಿನ ಡಯಾಲಿಸಿಸ್ ಕೇಂದ್ರಕ್ಕೊಂದು ಯಂತ್ರ ದಾನ ಕೊಡೋಣವೆಂದು ಅರ್ಜಿ ಹಾಕಿದವನೂ ಅವನೇ. ಹೆಂಡತಿ ಕಾಮರಿಯಾಳ ಪಾಲಿನ ಯಂತ್ರ ಕೆಟ್ಟಿತ್ತು, ಉಳಿದವೆಲ್ಲ ಭರ್ತಿ.

ಹೊಸ ಯಂತ್ರ ಬಂತು. ಉದ್ಘಾಟನೆಯ ಹಿಂದಿನ ಸಂಜೆ ಅದಕ್ಕೆ ಹಸಿರು ರಿಬ್ಬನ್ ಸುತ್ತಿ ಚೆಂದದ ಗಂಟು ಹಾಕಿದವನೂ ಅವನೇ, ಪುಣ್ಯಾತ್ಮ.

ಬೆಳಿಗ್ಗೆ ಎಂಟಕ್ಕೆ ಕಾಮರಿಯಾಳ ಸರದಿ, ನಾಲ್ಕು ಗಂಟೆ. ಹನ್ನೆರಡಕ್ಕೆ ಇನ್ನೊಬ್ಬರದು. ಹಿಂದಿನ ಸರದಿ ಆಗಲೇ ತಪ್ಪಿತ್ತು. ಕಾಲು ಬಾತು, ಎರಡು ಮಾತಿಗೊಮ್ಮೆ ಏದುಸಿರು. ರಿಬ್ಬನ್ ಕತ್ತರಿಸಬೇಕಾದ ಬ್ಯಾಂಕಿನ ದೊಡ್ಡ ಸಾಹೇಬರು, ಎಲ್ಲರ ಬಾಯಲ್ಲಿ ದಾತುಕ್, ಮಾತ್ರ ಬಂದಿರಲಿಲ್ಲ.

"ವಿಮಾನ ಇಳಿದಾಗಿದೆ. ಎಲ್ಲೋ ನಾಸಿ ಕೆರಾಬು ತಿಂತಾ ಕೂತಿದಾರಂತೆ," ಎಂದರು ಬ್ಯಾಂಕಿನ ಮ್ಯಾನೇಜರ್ ಹಲೀಜಾ.

"ಊಟಕ್ಕಿಲ್ಲದ ಉಪ್ಪಿನಕಾಯಿ ಇಟ್ಕೊಂಡು ಏನ್ ಮಾಡೋದು ಮೇಡಂ?" ನರ್ಸ್ ಸಿಡುಕಿದಳು. "ಆಕೆಗೆ ಉಸಿರು ಕಟ್ತಿದೆ."

"ನಾನೇ ಕತ್ತರಿಸಿಬಿಡ್ಲಾ ಮೇಡಂ?" ಸುಹೈಮಿ ಕತ್ತರಿಗೆ ಕೈ ಚಾಚಿದ.

"ಮುಟ್ಟಿದ್ರೆ ನಿಮ್ಮ ಕೆಲ್ಸಾನೂ ಇಲ್ಲ, ನನ್ನದೂ ಇಲ್ಲ. ಮತ್ತೆ, ಆಕೆ ನಿಮ್ಮ ಹೆಂಡ್ತಿ ಅಂತ ದಾತುಕ್ ಮುಂದೆ ಬಾಯಿ ಬಿಡ್ಬೇಡಿ. ಬ್ಯಾಂಕು ತನ್ನವರಿಗೇ ದಾನ ಮಾಡ್ಕೊಂಡ್ತು ಅಂತಾರೆ."

ಕೆಲಸ ಹೋದರೆ ಬ್ಯಾಂಕು ಕೊಟ್ಟ ಆಸ್ಪತ್ರೆಯ ಕಾರ್ಡೂ ಹೋಗುತ್ತದೆ. ಆ ಕಾರ್ಡಿನ ಮೇಲೇ ಕಾಮರಿಯಾಳ ಜೀವ. ಸುಹೈಮಿ ಬ್ಯಾಂಕಿನ ಹೆಸರಿದ್ದ ಬ್ಯಾನರಿನ ಕೋಲು ಹಿಡಿದು ನಿಂತ. ಹೇಡಿ ಅನ್ನುವುದು ಸುಲಭ. ಅನ್ನುವವರು ಬಂದು ಆ ಕೋಲನ್ನೊಮ್ಮೆ ಹಿಡಿದು ನೋಡಲಿ.

"ರೀ, ಇನ್ನೂ ಎಷ್ಟೊತ್ತು?" ಕಾಮರಿಯಾ ಕೇಳಿದಳು.

"ಬಂದ್ರು ಕಣೇ, ಬಂದೇಬಿಟ್ರು," ಎಂದು ಸುಳ್ಳು ಹೇಳಿದ.

ದಾತುಕ್ ಬಂದಾಗ ಹತ್ತು ಗಂಟೆ. ಬಿಸ್ಮಿಲ್ಲಾ ಹೇಳಿ ಕತ್ತರಿ ಆಡಿಸಿದರು. ನರ್ಸ್ ಸೂಜಿ ಚುಚ್ಚುತ್ತಿದ್ದಂತೆ ಕಾಮರಿಯಾಳತ್ತ ಬಾಗಿ, "ಸ್ವಲ್ಪ ನಗಿ ತಾಯಿ, ಫೋಟೊಗೆ," ಎಂದರು. ಅವಳು ನಕ್ಕಳು.

"ಮನೆಯವರು ಯಾರೂ ಜೊತೆಗೆ ಬಂದಿಲ್ವಾ?"

ಅವಳು ಬ್ಯಾನರಿನ ಕಡೆ ಕಣ್ಣೆತ್ತಲಿಲ್ಲ. "ಇಲ್ಲ ದಾತುಕ್. ಅವ್ರು ಕೆಲ್ಸಕ್ಕೆ ಹೋಗಿದಾರೆ."

ಸುಹೈಮಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹನ್ನೆರಡಕ್ಕೆ ನರ್ಸ್ ಕೊಳವೆ ಬಿಚ್ಚಿದಳು. ಮುಂದಿನ ರೋಗಿ ಬಾಗಿಲಲ್ಲಿ ಕಾಯುತ್ತಿದ್ದ. ಹೊರಡುವ ಮುಂಚೆ ಹಲೀಜಾ ಸುಹೈಮಿಯ ಕೈಗೆ ಅಂದಿನ ಸೇವೆಯ ಪ್ರಮಾಣಪತ್ರ ಇಟ್ಟರು. ಅವನಿಗೆ ನಾಲ್ಕು ಗಂಟೆ ಬರೆದಿತ್ತು. ಕಾಮರಿಯಾಳಿಗೆ ಸಿಕ್ಕಿದ್ದು ಎರಡೇ.